ಇನ್ನೂರೊಂದನೇ ಯೂನಿಟ್: ಬಾಡಿಗೆ ಮನೆಯ ಬಿಸಿನೀರಿನ ಲೆಕ್ಕ

ಈ ಲೇಖನ ಓದೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನೀವಿರೋ ಮನೆಯ ಹೋದ ತಿಂಗಳ ಕರೆಂಟ್ ಬಿಲ್ ಹುಡುಕಿ ಪಕ್ಕದಲ್ಲಿ ಇಟ್ಕೊಳ್ಳಿ. ಕಾಗದದ ಬಿಲ್ ಇಲ್ಲದಿದ್ರೆ ಓನರ್ ವಾಟ್ಸಾಪಲ್ಲಿ ಕಳಿಸಿದ ಫೋಟೋ ಆದ್ರೂ ಸಾಕು. ಅದರಲ್ಲಿ ನಮಗೆ ಬೇಕಾಗಿರೋದು ಮೂರೇ ಅಂಕಿ: ಬಳಸಿದ ಯೂನಿಟ್ ಎಷ್ಟು, ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಗೋ ಉಚಿತ ಯೂನಿಟ್ ಎಷ್ಟು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್. ಹಾಸ್ಟೆಲ್‌ನಲ್ಲಿ ಇರೋರು ಸುಮ್ನೆ ಓದ್ಕೊಂಡು ಹೋಗಿ, ಮೂರನೇ ವರ್ಷಕ್ಕೆ ನೀವೂ ಮನೆ ಹುಡುಕ್ತೀರಿ.

ಇಂಧನ ಉಳಿತಾಯದ ಬಗ್ಗೆ ನಮ್ಮ ಟೆಕ್ಸ್ಟ್ ಬುಕ್‌ಗಳಲ್ಲಿ ಬರೋ ಉದಾಹರಣೆಗಳು ನಮ್ಮವಲ್ಲ. ಎರಡು ಪದರದ ಕಿಟಕಿ ಗಾಜು, ಗೋಡೆಯೊಳಗೆ ಉಣ್ಣೆ ತುಂಬೋದು, ಮನೆಯನ್ನೆಲ್ಲ ಬೆಚ್ಚಗಿಡೋ ಬಾಯ್ಲರ್. ಹಿಮ ಬೀಳೋ ಊರಿನವರಿಗೆ ಅದು ಜೀವನ್ಮರಣದ ವಿಷಯ, ಒಪ್ತೀನಿ. ಆದ್ರೆ ಬೆಂಗಳೂರಲ್ಲಿ ಇದುವರೆಗೆ ದಾಖಲಾಗಿರೋ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗ ಜನವರಿಯ ಬೆಳಗಿನ ಜಾವ ಹದಿನೈದು ಡಿಗ್ರಿ ಇದ್ರೆ ನಾವು ಸ್ವೆಟರ್ ಹಾಕ್ಕೊಂಡು ಫೋಟೋ ಹಾಕ್ತೀವಿ. ನಮ್ಮೂರಲ್ಲಿ ಮನೆ ಬಿಸಿ ಮಾಡೋ ಖರ್ಚು ಇಲ್ಲ. ಇರೋದು ಸ್ನಾನದ ನೀರು ಬಿಸಿ ಮಾಡೋ ಖರ್ಚು. ಅದರ ಲೆಕ್ಕ ಸರಿಯಾಗಿ ಯಾರೂ ಹೇಳಿಕೊಡಲ್ಲ, ಯಾಕಂದ್ರೆ ಅಪ್ಪ ಅಮ್ಮನ ಮನೆಯಲ್ಲಿ ಇರೋವರೆಗೂ ನಾವು ಕೇಳೋದೂ ಇಲ್ಲ.

ನಾನಿರೋದು ಸುಬ್ರಹ್ಮಣ್ಯಪುರದಲ್ಲಿ. ಉತ್ತರಹಳ್ಳಿ ಕಡೆಯಿಂದ ಬಂದ್ರೆ ಮೇನ್ ರೋಡಿನ ಎರಡೂ ಕಡೆ ಅಡ್ಡರಸ್ತೆಗಳು, ಅಡ್ಡರಸ್ತೆ ತುಂಬ 30×40 ಸೈಟಿನ ಮೂರು ಮಹಡಿ ಕಟ್ಟಡಗಳು. ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರ ಇಲ್ಲ, ಹಾಗಾಗಿ ಎರಡು ಬೆಡ್‌ರೂಮಿನ ಮನೇಲಿ ನಾಲ್ಕು ಹುಡುಗರು ಅನ್ನೋದು ಇಲ್ಲಿ ಮಾಮೂಲು ದೃಶ್ಯ. ನಮ್ಮದೂ ಹಾಗೇ. ಎರಡನೇ ಮಹಡಿ, ನಾಲ್ಕು ಜನ: ಒಬ್ಬ ಸಿರ್ಸಿಯವನು, ಒಬ್ಬ ಬಳ್ಳಾರಿಯವನು, ಒಬ್ಬ ಹಾಸನದವನು, ನಾನು ತುಮಕೂರಿನವನು. ಬಚ್ಚಲಲ್ಲಿ ಹದಿನೈದು ಲೀಟರಿನ ಗೀಸರ್. ಟೆರೇಸ್ ಮೇಲೆ ಸೋಲಾರ್ ಕೂಡ ಇದೆ, ಅದರ ಕಥೆ ಆಮೇಲೆ.

ಒಂದು ಬಕೆಟ್‌ಗೆ ಎಷ್ಟು?

ಮೊದಲು ಫಿಸಿಕ್ಸ್ ಮುಗಿಸಿಬಿಡೋಣ. ಪಿಯುಸಿಯಲ್ಲಿ ಓದಿದ್ದೇ ಸಾಕು. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ 4.186 ಕಿಲೋಜೂಲ್ ಬೇಕು. ಒಂದು ಯೂನಿಟ್ ಕರೆಂಟ್ ಅಂದ್ರೆ ಒಂದು ಕಿಲೋವ್ಯಾಟ್ ಅವರ್, ಅಂದ್ರೆ 3,600 ಕಿಲೋಜೂಲ್. ಚಳಿಗಾಲದಲ್ಲಿ ಬೆಳಿಗ್ಗೆ ಟ್ಯಾಂಕಿನಿಂದ ಬರೋ ನೀರು ಸುಮಾರು 22 ಡಿಗ್ರಿ ಅಂತ ಇಟ್ಕೊಳ್ಳಿ. ಮೈ ಮೇಲೆ ಹುಯ್ಕೊಳ್ಳೋ ಹದ 40 ಡಿಗ್ರಿ. ವ್ಯತ್ಯಾಸ 18. ಇಪ್ಪತ್ತು ಲೀಟರಿನ ಒಂದು ಬಕೆಟ್‌ಗೆ 20 × 18 × 4.186, ಅಂದ್ರೆ ಸುಮಾರು 1,507 ಕಿಲೋಜೂಲ್. ಅದನ್ನ 3,600ರಿಂದ ಭಾಗಿಸಿದ್ರೆ 0.42 ಯೂನಿಟ್.

ಗೀಸರ್ ಒಳಗೆ ನೀರು 60 ಡಿಗ್ರಿಗೆ ಕಾಯತ್ತಲ್ಲ, 40 ಅಂತ ಯಾಕೆ ತಗೊಂಡೆ ಅಂತ ಕೇಳಬಹುದು. 60 ಡಿಗ್ರಿ ನೀರಿಗೆ ನೀವು ತಣ್ಣೀರು ಬೆರೆಸ್ತೀರಲ್ಲ. ತಣ್ಣೀರಿಗೆ ಖರ್ಚಿಲ್ಲ. ಕೊನೆಗೆ ಮೈ ಮೇಲೆ ಬಿದ್ದ ನೀರು ಎಷ್ಟು ಲೀಟರ್, ಎಷ್ಟು ಡಿಗ್ರಿ ಅನ್ನೋದಷ್ಟೇ ಲೆಕ್ಕಕ್ಕೆ ಬರತ್ತೆ.

0.42 ಅನ್ನೋ ಈ ಒಂದು ಅಂಕಿ ನೆನಪಿಟ್ಕೊಳ್ಳಿ, ಮಿಕ್ಕಿದ್ದೆಲ್ಲ ಇದರಿಂದಾನೇ ಬರತ್ತೆ. ಶವರ್ ಒಂದು ನಿಮಿಷಕ್ಕೆ ಸುಮಾರು ಎಂಟು ಲೀಟರ್ ಬಿಡತ್ತೆ (ನಿಮ್ಮದು ಎಷ್ಟು ಅಂತ ನೋಡೋಕೆ ಅದರ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿ). ಏಳೂವರೆ ನಿಮಿಷ ಶವರ್ ಕೆಳಗೆ ನಿಂತ್ರೆ ಅರವತ್ತು ಲೀಟರ್, ಅಂದ್ರೆ ಮೂರು ಬಕೆಟ್, ಒಂದೂಕಾಲು ಯೂನಿಟ್. ಏಳೂವರೆ ನಿಮಿಷ ಅನ್ನೋದು ಒಂದೂವರೆ ಹಾಡು ಅಷ್ಟೇ.

ಈಗ ನಮ್ಮ ಮನೆಯ ಜನವರಿ ತಿಂಗಳ ಲೆಕ್ಕ. ಸಣ್ಣ ಫ್ರಿಜ್ 20 ಯೂನಿಟ್. ನಾಲ್ಕು ಲ್ಯಾಪ್‌ಟಾಪ್, ತಲಾ 50 ವ್ಯಾಟ್, ದಿನಕ್ಕೆ ಆರು ಗಂಟೆ ಅಂದ್ರೆ 36. ಎಲ್‌ಇಡಿ ಲೈಟುಗಳು 11. ರೂಟರ್ 7. ಚಳಿಗಾಲ ಆದ್ರೂ ಸೊಳ್ಳೆಗೋಸ್ಕರ ಓಡಿಸೋ ಫ್ಯಾನ್ 20. ವಾಷಿಂಗ್ ಮಷೀನ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಸೇರಿ 10. ಒಟ್ಟು 104. ಇದಕ್ಕೆ ಬಿಸಿನೀರು ಸೇರಿಸಬೇಕು. ನಾಲ್ಕೂ ಜನ ಒಂದೊಂದು ಬಕೆಟ್‌ನಲ್ಲಿ ಮುಗಿಸಿದ್ರೆ ತಿಂಗಳಿಗೆ 50 ಯೂನಿಟ್, ಮನೆಯ ಒಟ್ಟು 154. ಅದೇ ಇಬ್ಬರು ಬಕೆಟ್, ಇಬ್ಬರು ಏಳೂವರೆ ನಿಮಿಷದ ಶವರ್ ಅಂದ್ರೆ ದಿನಕ್ಕೆ ಎಂಟು ಬಕೆಟ್ ನೀರು, ತಿಂಗಳಿಗೆ 100 ಯೂನಿಟ್, ಒಟ್ಟು 204.

154ಕ್ಕೂ 204ಕ್ಕೂ ಮಧ್ಯೆ ಇರೋದು 50 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದ್ರೆ ಮುನ್ನೂರು ರೂಪಾಯಿ, ನಾಲ್ಕು ಜನಕ್ಕೆ ಎಪ್ಪತ್ತೈದು ರೂಪಾಯಿ, ಅದಕ್ಯಾಕೆ ಇಷ್ಟು ಉದ್ದದ ಲೇಖನ ಅನ್ಸತ್ತೆ ಅಲ್ವಾ? ಇಲ್ಲೇ ಮಜಾ ಇರೋದು.

ಮೆಟ್ಟಿಲಲ್ಲ, ಪ್ರಪಾತ

ಬೆಂಗಳೂರಿನ ಬೀದಿಗಳಲ್ಲಿ ಮೊದಲ ಸಲ ವಿದ್ಯುತ್ ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಬಂದ ಕರೆಂಟಿನಲ್ಲಿ. ಗೃಹಜ್ಯೋತಿ ಯೋಜನೆ ಕಲಬುರಗಿಯಲ್ಲಿ ಉದ್ಘಾಟನೆ ಆಗಿದ್ದು 2023ರ ಆಗಸ್ಟ್ 5ರಂದು. ದಿನಾಂಕ ಕಾಕತಾಳೀಯ ಇರಬಹುದು, ಕ್ವಿಜ್‌ಗೆ ಉಪಯೋಗಕ್ಕೆ ಬರತ್ತೆ.

ಗೃಹಜ್ಯೋತಿ ಅಂದ್ರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಯೋಜನೆ ಶುರುವಾದಾಗಿನ ನಿಯಮದ ಪ್ರಕಾರ, ಆ ಮನೆಯ 2022-23ರ ತಿಂಗಳ ಸರಾಸರಿ ಬಳಕೆ ತಗೊಂಡು ಅದರ ಮೇಲೆ ಶೇಕಡ 10 ಸೇರಿಸಿದ್ರೆ ಬರೋದೇ ಆ ಮನೆಯ ಉಚಿತ ಯೂನಿಟ್. ತೀರಾ ಕಡಿಮೆ ಬಳಸೋರಿಗೆ, ಅಂದ್ರೆ 48 ಯೂನಿಟ್‌ಗಿಂತ ಕೆಳಗಿದ್ದೋರಿಗೆ, 2024ರಲ್ಲಿ ಶೇಕಡ 10ರ ಬದಲು 10 ಯೂನಿಟ್ ಅಂತ ಬದಲಾಯಿಸಿದ್ರು. ವರ್ಷದ ದಾಖಲೆಯೇ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53ಕ್ಕೆ ಶೇಕಡ 10 ಸೇರಿಸಿ 58. ಉಚಿತ ಮಿತಿ ದಾಟಿ 200ರ ಒಳಗೆ ಇದ್ರೆ, ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ ನಿಮ್ಮದು, ಮೊದಲನೇ ಯೂನಿಟ್‌ನಿಂದ.

ನಿಮ್ಮ ಮನೆಯ ಉಚಿತ ಮಿತಿ 120 ಅಂತ ಇಟ್ಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಸ್ಲ್ಯಾಬ್ ಪದ್ಧತಿ ತೆಗೆದು ಮನೆ ಬಳಕೆಗೆಲ್ಲ ಒಂದೇ ದರ ಮಾಡಿದ್ರು. 2025-26ಕ್ಕೆ ಅದು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಸದ್ಯಕ್ಕೆ ಯೂನಿಟ್ ದರ ಮಾತ್ರ ನೋಡೋಣ. ತಿಂಗಳಿಗೆ ಸರಿಯಾಗಿ 200 ಯೂನಿಟ್ ಬಳಸಿದ್ರೆ ನೀವು ಕೊಡೋದು 80 ಯೂನಿಟ್‌ಗೆ, 464 ರೂಪಾಯಿ. 201 ಬಳಸಿದ್ರೆ 201 ಯೂನಿಟ್‌ಗೂ, 1,165 ರೂಪಾಯಿ 80 ಪೈಸೆ. ಆ ಒಂದು ಯೂನಿಟ್‌ನ ಬೆಲೆ 701 ರೂಪಾಯಿ 80 ಪೈಸೆ! ಎರಡೂವರೆ ಬಕೆಟ್ ಬಿಸಿನೀರು. ಅಷ್ಟಕ್ಕೇ ಮುಗಿಯಲ್ಲ. ಪೂರ್ತಿ ಬಿಲ್ ಅಂದ್ರೆ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ (ಮೂರು ಕಿಲೋವ್ಯಾಟ್ ಮನೆಗೆ 435), ಅದರ ಮೇಲೆ ಸರ್ಚಾರ್ಜ್, ತೆರಿಗೆ. ಎಲ್ಲ ಸೇರಿ 1,700 ದಾಟತ್ತೆ.

ನಮ್ಮ ಮನೆಯ ಜನವರಿ 204 ಯೂನಿಟ್. ಬಿಲ್ ಹತ್ತಿರ ಹತ್ತಿರ 1,780. ಅದರ ಹಿಂದಿನ ತಿಂಗಳು ತಲಾ ಐವತ್ತೈದು ರೂಪಾಯಿಯಲ್ಲಿ ಮುಗಿದಿತ್ತು, ಈ ತಿಂಗಳು ತಲಾ 445. ಹಾಸನದವನಿಗೆ ಮನೆಯಿಂದ ಬರೋ ದುಡ್ಡು ಪ್ರತಿ ತಿಂಗಳು ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ ಕಮ್ಮಿಯಿಲ್ಲ. ಅವನಿಗೆ ಈ ವ್ಯತ್ಯಾಸ ಅಂದ್ರೆ ಒಂದು ವಾರದ ರಾತ್ರಿ ಊಟ. ಅವನು ಸ್ನಾನ ಮಾಡೋದು ಒಂದೇ ಬಕೆಟ್‌ನಲ್ಲಿ.

ಯಾರು ಎಷ್ಟು ಕೊಡಬೇಕು?

ಇದು ಎಂಜಿನಿಯರಿಂಗ್ ಪ್ರಶ್ನೆನಾ ಅಲ್ವಾ ಗೊತ್ತಿಲ್ಲ, ಆದ್ರೆ ನಮ್ಮ ಮನೇಲಿ ಎರಡು ರಾತ್ರಿ ಇದೇ ಚರ್ಚೆ ಆಯ್ತು. ಮೂರು ದಾರಿ ಇತ್ತು.

ಮೊದಲನೇದು ಸಮಪಾಲು, ತಲಾ 445. ಸುಲಭ, ಎಲ್ಲರೂ ಮಾಡೋದೂ ಇದನ್ನೇ. ಎರಡನೇದು ಬಕೆಟ್ ಲೆಕ್ಕ. 204ರಲ್ಲಿ 100 ಯೂನಿಟ್ ಬಿಸಿನೀರಿನದು, ಹಾಗಾಗಿ ಬಿಲ್ಲಲ್ಲಿ ಸುಮಾರು 870 ರೂಪಾಯಿ ನೀರಿಗೆ, 910 ರೂಪಾಯಿ ಮಿಕ್ಕಿದ್ದಕ್ಕೆ. 910ನ್ನ ನಾಲ್ಕು ಪಾಲು ಮಾಡಿ, 870ನ್ನ ಎಂಟು ಬಕೆಟ್‌ಗೆ ಹಂಚಿದ್ರೆ, ಒಂದು ಬಕೆಟ್‌ನವನಿಗೆ 336, ಶವರ್‌ನವನಿಗೆ 554. ಮೂರನೇದು ಸಿರ್ಸಿಯವನು ಹೇಳಿದ್ದು: ಎಲ್ಲರೂ ಒಂದೊಂದು ಬಕೆಟ್‌ನಲ್ಲೇ ಇದ್ದಿದ್ರೆ ಬಿಲ್ 220 ಬರ್ತಿತ್ತು, ಅದಕ್ಕಿಂತ ಮೇಲೆ ಬಂದಿದ್ದೆಲ್ಲ ಶವರ್ ಬಿಟ್ಟವರದ್ದು. ಹಾಗೆ ಮಾಡಿದ್ರೆ ಬಕೆಟ್‌ನವರಿಗೆ 55, ಶವರ್‌ನವರಿಗೆ ತಲಾ 835.

ಬಳ್ಳಾರಿಯವನು ಸುಮ್ನಿರಲಿಲ್ಲ. "ನಾ ಶವರ್ ಬಿಟ್ಟೆ, ಖರೆ. ಆದ್ರ ನಿನ್ನ ಲ್ಯಾಪ್‌ಟಾಪ್ ರಾತ್ರಿಪೂರ್ತಿ ಗೇಮ್ ಡೌನ್‌ಲೋಡ್ ಮಾಡ್ತಿರ್ತದಲ್ಲ, ಅದೇನು ಗಾಳಿ ಮ್ಯಾಲೆ ನಡೀತದೇನು? ಫ್ರಿಜ್‌ನ್ಯಾಗ ಇರೋದೆಲ್ಲ ನಿನ್ನ ಮೊಸರು!" ಅಂದ. ಜಗಳದ ಮಾತು ಅನ್ಸಿದ್ರೂ ಅದರಲ್ಲಿ ಹುರುಳಿದೆ. ಇನ್ನೂರೊಂದನೇ ಯೂನಿಟ್ ಮೇಲೆ ಯಾರ ಹೆಸರೂ ಬರೆದಿರಲ್ಲ. 204ರಿಂದ ನಾಲ್ಕು ಯೂನಿಟ್ ಕಳೆಯೋ ಕೆಲಸ ಶವರ್‌ನವರು ಮಾತ್ರ ಅಲ್ಲ, ಯಾರು ಬೇಕಾದ್ರೂ ಮಾಡಬಹುದಿತ್ತು. ಮೂರನೇ ದಾರಿ ಲೆಕ್ಕದಲ್ಲಿ ಚಂದ, ಆದ್ರೆ ಹಾಗೆ ದುಡ್ಡು ಕೇಳಿದ ಮೇಲೆ ಅದೇ ಅಡುಗೆಮನೇಲಿ ಬೆಳಿಗ್ಗೆ ಇಬ್ಬರೂ ಕಾಫಿ ಮಾಡ್ಕೊಬೇಕಲ್ಲ. ನನ್ನ ಪ್ರಕಾರ ಎರಡನೇದೇ ಸರಿ, ಆ ತಿಂಗಳು ಹಾಗೇ ಹಂಚಿದ್ವಿ.

ಆದ್ರೆ ಹಂಚೋದಕ್ಕಿಂತ ದೊಡ್ಡ ವಿಷಯ ದಾಟದೇ ಇರೋದು. ಅದಕ್ಕೆ ನಾವು ಮಾಡ್ಕೊಂಡಿರೋದು ಡೇಟಾ ಪ್ಯಾಕ್ ತರದ ವ್ಯವಸ್ಥೆ. ಮೀಟರ್ ರೀಡರ್ ಪ್ರತಿ ತಿಂಗಳು ಹತ್ತಿರ ಹತ್ತಿರ ಒಂದೇ ದಿನಾಂಕಕ್ಕೆ ಬರ್ತಾರೆ, ಬಿಲ್ ಮೇಲೆ ಆ ದಿನಾಂಕ ಇರತ್ತೆ. ಅಲ್ಲಿಂದ ಇಪ್ಪತ್ತನೇ ದಿನ ಒಬ್ಬರು ಕೆಳಗೆ ಹೋಗಿ ಮೀಟರ್ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ. 130ರ ಒಳಗಿದ್ರೆ ಎಲ್ಲರೂ ಹಾಯಾಗಿರಿ. ಮೇಲಿದ್ರೆ ಅಲ್ಲಿಂದ ರೀಡಿಂಗ್ ತಗೊಳ್ಳೋವರೆಗೂ ಶವರ್ ಬಂದ್, ಬಕೆಟ್ ಮಾತ್ರ. ಫೆಬ್ರವರಿಯಿಂದ ಇದೇ ನಡೀತಿದೆ.

ಮೀಟರ್ ಮಿಣುಕೋದನ್ನ ಎಣಿಸೋದು

ಮೀಟರ್ ಮೇಲೆ ಒಂದು ಸಣ್ಣ ಕೆಂಪು ಲೈಟ್ ಮಿಣುಕ್ತಿರತ್ತೆ ನೋಡಿದ್ದೀರಾ? ಅದರ ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕತ್ತೆ ಅಂತ ಬರೆದಿರತ್ತೆ. ನಮ್ಮ ಮೀಟರಿನದು 3200. ಅಂದ್ರೆ ನಿಮಿಷಕ್ಕೆ ಒಂದು ಸಲ ಮಿಣುಕಿದ್ರೆ 18.75 ವ್ಯಾಟ್. ಮನೇಲಿ ಎಲ್ಲ ಆಫ್ ಮಾಡಿ ಫ್ರಿಜ್ ಮಾತ್ರ ಓಡ್ತಿರಲಿ, ನಿಮಿಷಕ್ಕೆ ಐದಾರು ಸಲ ಬಂದ್ರೆ ನೂರು ವ್ಯಾಟ್ ಆಸುಪಾಸು. ಎರಡು ಕಿಲೋವ್ಯಾಟ್ ಗೀಸರ್ ಹಾಕಿದ್ರೆ ನಿಮಿಷಕ್ಕೆ ನೂರೇಳು ಸಲ, ಕಣ್ಣಲ್ಲಿ ಎಣಿಸೋಕಾಗಲ್ಲ, ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿ. ಇನ್ನೂರು ರೂಪಾಯಿ ಖರ್ಚಿಲ್ಲದೆ ಮನೆಯ ಒಂದೊಂದು ಸಾಮಾನೂ ಎಷ್ಟು ಎಳೆಯತ್ತೆ ಅಂತ ಗೊತ್ತಾಗತ್ತೆ. ನಮ್ಮ ಲ್ಯಾಬ್‌ನಲ್ಲಿ ಮಾಡಿಸೋ ಕೆಲವು ಎಕ್ಸ್‌ಪೆರಿಮೆಂಟ್‌ಗಿಂತ ಇದು ಚೆನ್ನಾಗಿದೆ, ಯಾರಿಗೂ ಹೇಳಬೇಡಿ.

ಇದೇ ವಿಧಾನದಲ್ಲಿ ಗೀಸರ್ ಬಗ್ಗೆ ಇರೋ ಹಳೇ ವಾದಗಳನ್ನೂ ಪರೀಕ್ಷೆ ಮಾಡಬಹುದು. "ಗೀಸರ್‌ನ ಪದೇ ಪದೇ ಆನ್ ಆಫ್ ಮಾಡಿದ್ರೆ ಜಾಸ್ತಿ ಕರೆಂಟ್, ಆನ್ ಇಟ್ಟುಬಿಡೋದೇ ವಾಸಿ" ಅಂತ ಎಷ್ಟೋ ಮನೇಲಿ ಹೇಳ್ತಾರೆ. ಸುಳ್ಳು. ಬಿಸಿ ಟ್ಯಾಂಕ್ ಸುತ್ತಲಿನ ಗಾಳಿಗೆ ಶಾಖ ಬಿಡ್ತಾನೇ ಇರತ್ತೆ. ಎಷ್ಟು ಹೊತ್ತು ಬಿಸಿಯಾಗಿರತ್ತೋ ಅಷ್ಟು ನಷ್ಟ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಮ್ಮ ಹಳೇ ಗೀಸರ್ ಆನ್ ಇಟ್ಟು, ಯಾರೂ ನೀರು ಮುಟ್ಟದೆ ನೋಡಿದ್ವಿ. ಫ್ರಿಜ್, ರೂಟರ್‌ನದು ಕಳೆದ ಮೇಲೆ 0.4 ಯೂನಿಟ್ ಹತ್ತಿರ ಹೋಗಿತ್ತು. ಒಂದು ಸ್ನಾನ, ಯಾರೂ ಮಾಡದೇ ಇದ್ದಿದ್ದು.

ಗೀಸರ್ ಮೇಲೆ ಅಂಟಿಸಿರೋ ಸ್ಟಾರ್ ಹೇಳೋದೂ ಈ ನಷ್ಟದ ಬಗ್ಗೇನೇ. ನೀರು ಕಾಯಿಸೋ ಕಾಯಿಲ್ ಐದು ಸ್ಟಾರ್‌ನಲ್ಲೂ ಒಂದೇ, ಒಂದು ಸ್ಟಾರ್‌ನಲ್ಲೂ ಒಂದೇ, ಎಳೆದ ಕರೆಂಟೆಲ್ಲ ಶಾಖ ಆಗತ್ತೆ. ಸ್ಟಾರ್ ಜಾಸ್ತಿ ಇದ್ರೆ ಟ್ಯಾಂಕಿನ ಸುತ್ತ ಇರೋ ಹೊದಿಕೆ ಚೆನ್ನಾಗಿದೆ ಅಂತ ಅರ್ಥ. ನೀವು ಹತ್ತು ನಿಮಿಷ ಮುಂಚೆ ಹಾಕಿ, ನಾಲ್ಕೂ ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಆಫ್ ಮಾಡೋರಾದ್ರೆ ಸ್ಟಾರ್‌ನಿಂದ ದೊಡ್ಡ ಲಾಭ ಇಲ್ಲ. ಒಬ್ಬನಿಗೆ ಎಂಟರ ಕ್ಲಾಸು, ಒಬ್ಬನಿಗೆ ಹನ್ನೊಂದರ ಕ್ಲಾಸು ಅಂತ ಬೆಳಿಗ್ಗೆಯೆಲ್ಲ ಆನ್ ಇರೋ ಮನೇಲಿ ಲಾಭ ಇದೆ.

ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಕರೆಂಟ್ ತಿನ್ನತ್ತೆ ಅನ್ನೋದೂ ಅರ್ಧ ಸತ್ಯ. ಅದು ನಿಮಿಷಕ್ಕೆ 2.4 ಲೀಟರ್ ಹದವಾದ ನೀರು ಕೊಡತ್ತೆ, ಬಕೆಟ್ ತುಂಬೋಕೆ ಎಂಟೂವರೆ ನಿಮಿಷ, ಅಷ್ಟಕ್ಕೂ ಅದೇ 0.42 ಯೂನಿಟ್. ವಾಸ್ತವದಲ್ಲಿ ಅದು ಉಳಿತಾಯನೇ, ಯಾಕಂದ್ರೆ ಅಷ್ಟು ಸಣ್ಣ ಧಾರೆಯಲ್ಲಿ ಶವರ್ ಮಾಡೋಕೆ ಯಾರಿಗೂ ತಾಳ್ಮೆ ಇರಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರಿದ್ದ ಕಡೆ ಕಾಯಿಲ್ ಮೇಲೆ ಬಿಳಿ ಉಪ್ಪು ಕಟ್ಟತ್ತೆ. ಅದರಿಂದ ಯೂನಿಟ್ ಅಷ್ಟೇನೂ ಜಾಸ್ತಿ ಆಗಲ್ಲ (ಶಾಖ ನಿಧಾನವಾಗಿಯಾದ್ರೂ ನೀರಿಗೇ ಹೋಗಬೇಕಲ್ಲ), ಆದ್ರೆ ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗತ್ತೆ.

ಇಮ್ಮರ್ಶನ್ ರಾಡ್ ಬಗ್ಗೆ ಎರಡೇ ಮಾತು. ಲೆಕ್ಕದಲ್ಲಿ ಅದೂ 0.42ಕ್ಕಿಂತ ಸ್ವಲ್ಪ ಮೇಲೆ, ತೆರೆದ ಬಕೆಟ್‌ನಿಂದ ಆವಿ ಹೋಗೋದರಿಂದ. ಆದ್ರೆ ಹಳೇ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ರೂ ಅದರ ಹಿಂದೆ ಅರ್ಥ್ ವೈರ್ ಕೂಡಿಸದೇ ಇರೋದು ಉಂಟು. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದ ಮೇಲೇ ನೀರು ಮುಟ್ಟಿ.

ಗ್ಯಾಸ್ ಗೀಸರ್ ಅಗ್ಗ ಅಂತ ಹಾಕಿಸೋ ಯೋಚನೆ ಇದ್ರೆ ಇದನ್ನೂ ಓದಿ. 14.2 ಕೆಜಿ ಸಿಲಿಂಡರ್‌ನಲ್ಲಿರೋ ಶಾಖ ಸುಮಾರು 180 ಯೂನಿಟ್‌ಗೆ ಸಮ. ನೀರಿಗೆ ಹೋಗೋದು ಶೇಕಡ 80 ಅಂದ್ರೂ 145. ಸಿಲಿಂಡರ್‌ಗೆ 850 ರೂಪಾಯಿ ಹಿಡಿದ್ರೆ ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಬಂತು, ಕರೆಂಟಿನ ದರಕ್ಕೆ ಸಮ. 200 ದಾಟೋ ಭಯ ತಪ್ಪತ್ತೆ ಅನ್ನೋದೊಂದೇ ಲಾಭ. ಆದ್ರೆ ಅದನ್ನ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಹಾಕಿದ್ರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಒಳಗಿರೋರಿಗೆ ತಲೆ ತಿರುಗಿದ್ದು ಗೊತ್ತಾಗೋ ಹೊತ್ತಿಗೆ ಚಿಲಕ ತೆಗೆಯೋಕೆ ಶಕ್ತಿ ಇರಲ್ಲ. ಬೆಂಗಳೂರಲ್ಲಿ ಹೀಗೆ ಜೀವ ಹೋಗಿರೋ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರತ್ತೆ. ಮನೆಗೆ ಆಗಲೇ ಹಾಕಿಸಿದ್ರೆ ಗೀಸರ್ ಬಚ್ಚಲ ಹೊರಗಿರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ತಲೆ ಮೇಲೆ ಸೂರ್ಯ, ಪೈಪ್ ಓನರ್ ಮನೆಗೆ

ಬೆಂಗಳೂರಿನ ಯಾವ ಬಡಾವಣೆಯ ಟೆರೇಸ್ ಹತ್ತಿ ನೋಡಿದ್ರೂ ಕಾಣೋದು ಸೋಲಾರ್ ವಾಟರ್ ಹೀಟರ್‌ಗಳ ಸಾಲು. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಕರೆಂಟ್ ಸಂಪರ್ಕ ಬೇಕು ಅಂದ್ರೆ ಇದು ಇರಲೇಬೇಕು ಅಂತ ಬೆಸ್ಕಾಂ ನಿಯಮ ಇದೆ. ಸೋಲಾರ್ ಇದ್ದ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದ್ರೆ 50 ರೂಪಾಯಿ ರಿಯಾಯಿತಿ ಕೂಡ.

ನೂರು ಲೀಟರಿನ ಸೋಲಾರ್ ಅಂದ್ರೆ ಕಮ್ಮಿ ಅಲ್ಲ. 60 ಡಿಗ್ರಿಯ ನೂರು ಲೀಟರ್‌ಗೆ 22 ಡಿಗ್ರಿಯ ತಣ್ಣೀರು ಬೆರೆಸಿ 40ಕ್ಕೆ ತಂದ್ರೆ 211 ಲೀಟರ್ ಆಗತ್ತೆ, ಹತ್ತು ಬಕೆಟ್! ನಮ್ಮ ಕಟ್ಟಡದ ಟೆರೇಸ್ ಮೇಲೂ ಇದೆ, ನಮ್ಮ ಬಚ್ಚಲಿಗೆ ನೇರ ಮೇಲೆ. ಆದ್ರೆ ಅದರ ಪೈಪ್ ನಮ್ಮ ಗೋಡೆ ದಾಟಿ ಕೆಳಗಿನ ಓನರ್ ಮನೆಗೆ ಮಾತ್ರ ಹೋಗತ್ತೆ. ಅವರಿರೋದು ಇಬ್ಬರೇ, ಅಂಕಲ್ ಮತ್ತು ಆಂಟಿ. ಮಿಕ್ಕ ಬಿಸಿನೀರು ಟ್ಯಾಂಕಲ್ಲೇ ಉಳಿಯತ್ತೆ. ನಾವು ಅದರ ಕೆಳಗೆ ನಿಂತು ಗೀಸರ್ ಹಾಕ್ತೀವಿ.

ಓನರ್‌ನ ಬೈಯೋದು ಸುಲಭ, ಆದ್ರೆ ಅವರ ಕಡೆಯಿಂದಲೂ ಲೆಕ್ಕ ಹಾಕಿ. ಬಾಡಿಗೆ ಮನೆಗೇ ಬೇರೆ ಸೋಲಾರ್ ಹಾಕಿಸೋಕೆ ಇಪ್ಪತ್ತು ಸಾವಿರದ ಆಸುಪಾಸು ಖರ್ಚು. ದುಡ್ಡು ಹಾಕೋರು ಅವರು, ಬಿಲ್ ಉಳಿಯೋದು ನಮಗೆ. ನಾವೇ ಹಾಕಿಸ್ತೀವಿ ಅಂದ್ರೆ ಅಗ್ರಿಮೆಂಟ್ ಇರೋದು ಹನ್ನೊಂದು ತಿಂಗಳಿಗೆ. ತಿಂಗಳಿಗೆ 50ರಿಂದ 100 ಯೂನಿಟ್ ಉಳಿಸಿದ್ರೂ ಹಾಕಿದ ದುಡ್ಡು ವಾಪಸ್ ಬರೋಕೆ ಮೂರರಿಂದ ಐದು ವರ್ಷ ಬೇಕು, ಅಷ್ಟರಲ್ಲಿ ನಮ್ಮ ಡಿಗ್ರಿಯೇ ಮುಗಿದಿರತ್ತೆ. ಇನ್ನು ಉಚಿತ ಮಿತಿಯೊಳಗೇ ಇರೋ ಮನೆಗೆ ಸೋಲಾರ್‌ನಿಂದ ಉಳಿಯೋದು ಸೊನ್ನೆ, ಸೊನ್ನೆ ಬಿಲ್ಲಿಗೆ 50 ರೂಪಾಯಿ ರಿಯಾಯಿತಿ ಎಲ್ಲಿಂದ ಕೊಡ್ತಾರೆ? ಹೀಗೆ ಹಾಕೋನಿಗೆ ಲಾಭ ಇಲ್ಲ, ಲಾಭ ಇರೋನು ಹಾಕಲ್ಲ. ಬಾಡಿಗೆ ಮನೆಗಳಲ್ಲಿ ಇಂಧನ ಉಳಿತಾಯ ಆಗದೇ ಇರೋದಕ್ಕೆ ಪ್ರಪಂಚದೆಲ್ಲೆಡೆ ಇದೇ ಕಾರಣ ಹೇಳ್ತಾರೆ. ಅಲ್ಲಿ ಕಿಟಕಿ ಗಾಜು, ಇಲ್ಲಿ ಬಿಸಿನೀರಿನ ಪೈಪು.

ಇದಕ್ಕೆ ನಾನು ಕಂಡುಕೊಂಡಿರೋ ಸೂತ್ರ: ಹೊರಡುವಾಗ ಸ್ಕ್ರೂ ಬಿಚ್ಚಿ ತಗೊಂಡು ಹೋಗೋಕೆ ಆಗೋ ವಸ್ತುವಿಗೆ ಮಾತ್ರ ನಮ್ಮ ದುಡ್ಡು. ಕಡಿಮೆ ನೀರು ಬಿಡೋ ಶವರ್ ತಲೆ ಅಂಥದ್ದು, ನಿಮಿಷಕ್ಕೆ ಎಂಟರ ಬದಲು ಐದು ಲೀಟರ್ ಬಿಟ್ರೆ ಅದೇ ಏಳೂವರೆ ನಿಮಿಷಕ್ಕೆ ಮೂರು ಬಕೆಟ್ ಹೋಗಿ ಎರಡು ಆಗತ್ತೆ. ಬಿಎಲ್‌ಡಿಸಿ ಫ್ಯಾನ್ ಕೂಡ, ಅದು 75 ವ್ಯಾಟ್ ಬದಲು 30 ವ್ಯಾಟ್‌ನಲ್ಲಿ ಓಡತ್ತೆ. ಬಿಸಿನೀರಿನ ಲೇಖನದಲ್ಲಿ ಫ್ಯಾನ್ ಯಾಕೆ ಅಂದ್ರೆ ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತೆ. ಏಪ್ರಿಲ್‌ನಲ್ಲಿ ನಲ್ಲಿ ನೀರೇ ಬೆಚ್ಚಗಿರೋದರಿಂದ ಬಕೆಟ್‌ಗೆ 0.23 ಯೂನಿಟ್ ಸಾಕು, ಆದ್ರೆ ನಾಲ್ಕು ಹಳೇ ಫ್ಯಾನ್ ರಾತ್ರಿಯೆಲ್ಲ ತಿರುಗಿ 70 ಯೂನಿಟ್ ಎಳೆಯತ್ತೆ. ನೀರು ಉಳಿಸಿದ್ದನ್ನ ಗಾಳಿ ತಗೊಂಡು ಹೋಗತ್ತೆ. 200ರ ಗೆರೆ ಮಾತ್ರ ಎರಡೂ ಕಾಲದಲ್ಲಿ ಅಲ್ಲೇ ಇರತ್ತೆ.

ಮನೆ ನೋಡೋಕೆ ಹೋದಾಗ

ಜೂನ್ ಜುಲೈಯಲ್ಲಿ ಮನೆ ಬದಲಾಯಿಸೋರಿಗೆ ಇದು. ಬಾಡಿಗೆ, ಅಡ್ವಾನ್ಸ್, ವೈಫೈ ಕೇಳಿದ ಮೇಲೆ ಆ ಮನೆಗೆ ಬೇರೆ ಆರ್‌.ಆರ್. ನಂಬರ್ ಇದೆಯಾ ಅಂತ ಕೇಳಿ. ಇಡೀ ಕಟ್ಟಡಕ್ಕೆ ಒಂದೇ ನಂಬರ್ ಇದ್ದು, ಒಳಗೆ ಓನರ್ ಸಬ್ ಮೀಟರ್ ಹಾಕಿಸಿದ್ರೆ ಎಲ್ಲರ ಯೂನಿಟ್ ಒಟ್ಟಿಗೆ ಸೇರಿ ಪ್ರತಿ ತಿಂಗಳೂ 200 ದಾಟೋದು ಗ್ಯಾರಂಟಿ, ನಿಮ್ಮ ಬಕೆಟ್ ಶಿಸ್ತು ಯಾವ ಕೆಲಸಕ್ಕೂ ಬರಲ್ಲ. ಅಂಥ ಮನೆಗೆ ಬಾಡಿಗೆ ಮುನ್ನೂರು ಕಮ್ಮಿ ಇದ್ರೂ ಅದು ಕಮ್ಮಿ ಅಲ್ಲ. ಬೇರೆ ನಂಬರ್ ಇದ್ರೆ ಹಳೇ ಬಿಲ್ ಒಂದನ್ನ ತೋರಿಸಿ ಅಂತ ಕೇಳಿ, ಉಚಿತ ಮಿತಿ ಎಷ್ಟು ಅಂತ ನೋಡಿ. ಹಿಂದಿನ ಬಾಡಿಗೆದಾರರ ಆಧಾರ್ ಆ ನಂಬರಿಗೆ ಇನ್ನೂ ಅಂಟಿಕೊಂಡಿದ್ರೆ ಡಿಲಿಂಕ್ ಮಾಡಿಸಬೇಕು. 2024ರಿಂದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದಕ್ಕೆ ಅವಕಾಶ ಇದೆ. ನೀವು ಬಿಡೋ ಮನೆಯಲ್ಲೂ ನಿಮ್ಮದನ್ನ ತೆಗೆಸಿ ಹೋಗಿ, ಮುಂದೆ ಬರೋರು ನಿಮ್ಮ ಜೂನಿಯರ್‌ಗಳೇ ಇರ್ತಾರೆ.

ಸೋಲಾರ್ ಇದೆ ಅಂತ ಹೇಳಿದ್ರೆ ನಂಬಿ ಅಡ್ವಾನ್ಸ್ ಕೊಡಬೇಡಿ. "ಅಂಕಲ್, ಸೋಲಾರ್ ಲೈನ್ ಈ ಬಚ್ಚಲಿಗೆ ಬರತ್ತಾ, ಇಲ್ಲಾ ನಿಮ್ಮ ಮನೆಗೆ ಮಾತ್ರಾನಾ?" ಅಂತ ನೇರವಾಗಿ ಕೇಳಿ. ಬರತ್ತೆ ಅಂದ್ರೂ ಪೈಪ್ ಎಷ್ಟು ಉದ್ದ ಅಂತ ನೋಡಿ. ಮುಕ್ಕಾಲಿಂಚಿನ ಪೈಪ್‌ನಲ್ಲಿ ಒಂದು ಮೀಟರ್‌ಗೆ ಸುಮಾರು 0.31 ಲೀಟರ್ ನೀರು ನಿಂತಿರತ್ತೆ. ಹದಿನೈದು ಮೀಟರ್ ಇದ್ರೆ ನಾಲ್ಕೂಮುಕ್ಕಾಲು ಲೀಟರ್ ತಣ್ಣೀರು ಮೊದಲು ಬರತ್ತೆ, ಪೈಪ್ ತಾನೂ ಬಿಸಿಯಾಗಬೇಕಾಗಿರೋದರಿಂದ ಇನ್ನೂ ಸ್ವಲ್ಪ. ಮೇಲೆ ಕಪ್ಪು ಫೋಮ್ ಹೊದಿಕೆ ಇದ್ರೆ ಎರಡನೆಯವನಿಗೆ ಅಷ್ಟು ಕಾಯೋದು ಬೇಡ. ಮನೆ ನೋಡೋಕೆ ಸಂಜೆ ಹೋಗಬೇಡಿ, ಬೆಳಿಗ್ಗೆ ಏಳಕ್ಕೆ ಹೋಗಿ. ಕೈಯಲ್ಲಿ ಒಂದು ಮಗ್ ಇರಲಿ. ಸೋಲಾರ್ ನಲ್ಲಿ ತಿರುಗಿಸಿ ಎಷ್ಟನೇ ಮಗ್ಗಿಗೆ ಬಿಸಿ ಬರತ್ತೆ ಅಂತ ಎಣಿಸಿ. ಎಂಟರ ಒಳಗೆ ಬಂದ್ರೆ ಆ ಮನೆ ಹಿಡಿಯಿರಿ. ಹದಿನೈದು ಮಗ್ ದಾಟಿದ್ರೂ ಬರಲಿಲ್ಲ ಅಂದ್ರೆ ಆ ನೀರನ್ನ ಬಕೆಟ್‌ಗೆ ಹಿಡಿದು ಆಂಟಿಯ ತುಳಸಿ ಗಿಡಕ್ಕೆ ಹಾಕಿ, ಮುಂದಿನ ಮನೆ ನೋಡಿ.